ಡೀಸೆಲ್ ಕೈಗೆ ಸಿಕ್ಕ ಪ್ಲಗ್

ಲಾರಿಯ ಸ್ಪಾರ್ಕ್ ಪ್ಲಗ್ ಮುರಿದಿದೆ ಎಂದರೆ ಅರಸೀಕೆರೆಯ ಹಳೇ ಮೆಕ್ಯಾನಿಕ್ ನಕ್ಕಾನು. ಲಾರಿ ಎಂದರೆ ಡೀಸೆಲ್. ಡೀಸೆಲ್ಲಿಗೆ ಕಿಡಿ ಬೇಕಿಲ್ಲ, ಒತ್ತಿದ ಗಾಳಿಯ ಕಾವಿಗೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿನ ಫಾರ್ಗೊ, ಡಾಡ್ಜ್, ಬೆಡ್‌ಫೋರ್ಡ್ ಬಿಚ್ಚಿದ ಕೈಗಳು ಈಗ ಹೆಚ್ಚು ಉಳಿದಿಲ್ಲ. ಆದರೆ 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಚಿಕ್ಕ ಗೂಡ್ಸ್ ಗಾಡಿಗಳ ಲೆಕ್ಕ ಬದಲಾಯಿತು. ಮಾರುತಿ ಕಂಪನಿ ಡೀಸೆಲ್ಲನ್ನೇ ಕೈಬಿಟ್ಟಿತು, ಅದರ ಸೂಪರ್ ಕ್ಯಾರಿ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಯಾಯಿತು. 2005ರಲ್ಲಿ ಎರಡು ಸಿಲಿಂಡರಿನ ಡೀಸೆಲ್ ಗಾಡಿಯಾಗಿ ಬಂದ ಟಾಟಾ ಏಸ್‌ಗೂ ಪೆಟ್ರೋಲ್ ಎಂಜಿನ್ ಕೂತಿತು. ಅರಸೀಕೆರೆ ಎಪಿಎಂಸಿಗೆ ತೆಂಗಿನಕಾಯಿ ತರುವ, ಬೇಲೂರು ಕಡೆಯಿಂದ ಆಲೂಗಡ್ಡೆ, ಶುಂಠಿ ಹೊರುವ ಗಾಡಿಗಳಲ್ಲಿ ಈಗ ಪ್ಲಗ್ ಇರುವವೂ ಇವೆ. ರಸ್ತೆ ಬದಿ ಗ್ಯಾರೇಜಿನ ಕೈ ಮಾತ್ರ ಇನ್ನೂ ಡೀಸೆಲ್ ಕೈಯೇ. ನನ್ನ ತಕರಾರು ಇರುವುದು ಅಲ್ಲಿ.

ಆ ಕೈಯನ್ನು ಹಗುರ ಮಾಡುತ್ತಿಲ್ಲ. ಬೀಡು ಕಬ್ಬಿಣದ ಹೆಡ್ಡಿನಲ್ಲಿ ಕಚ್ಚಿಕೊಂಡ ಇಂಜೆಕ್ಟರನ್ನು ಎಳೆದು ತೆಗೆಯುವುದು, ತಲೆ ಹಾರಿದ ಸ್ಟಡ್ಡಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸುವುದು, ಪಾನಾಕ್ಕೆ ಪೈಪು ತೊಡಿಸಿ ಮೈಭಾರ ಹಾಕುವುದು, ಇವೆಲ್ಲ ಯಾವ ತರಬೇತಿ ಕೇಂದ್ರವೂ ಅಷ್ಟು ಚೆನ್ನಾಗಿ ಕಲಿಸದ ವಿದ್ಯೆ. ಬೀಡು ಕಬ್ಬಿಣ ಆ ಒರಟುತನವನ್ನು ತಡೆದುಕೊಳ್ಳುತ್ತದೆ. ಈ ಚಿಕ್ಕ ಪೆಟ್ರೋಲ್ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಉಕ್ಕಿನ ಪ್ಲಗ್ ಅದರೊಳಗೆ ವರ್ಷಗಟ್ಟಲೆ ಕೂತು, ಇಂಗಾಲ ಕಟ್ಟಿ, ತುಕ್ಕು ಹಿಡಿದು ಹೆಡ್ಡಿನೊಂದಿಗೆ ಒಂದಾಗಿರುತ್ತದೆ. ಅಲ್ಲಿ ಪೈಪು ತೊಡಿಸಿದರೆ ಬರುವುದು ಎರಡರಲ್ಲಿ ಒಂದು: ಪ್ಲಗ್ಗಿನ ಅರ್ಧ, ಇಲ್ಲವೇ ಪ್ಲಗ್ಗಿನ ಜೊತೆಗೆ ಹೆಡ್ಡಿನ ಥ್ರೆಡ್.

ತಪ್ಪು ಗ್ಯಾರೇಜಿಗೆ ಬರುವ ಮೊದಲೇ ಶುರುವಾಗಿರುತ್ತದೆ. ಗಾಡಿ ಮಿಸ್ ಹೊಡೆಯುವ ತನಕ ಪ್ಲಗ್ ಇದೆ ಎಂಬುದೇ ಮಾಲೀಕನಿಗೆ ನೆನಪಿರುವುದಿಲ್ಲ. ಸೂಪರ್ ಕ್ಯಾರಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ. ಕಣ್ಣಿಗೆ ಬೀಳದ್ದಕ್ಕೆ ಸರ್ವೀಸೂ ಇಲ್ಲ. ಸಿಎನ್‌ಜಿ ಗಾಡಿಯಾದರೆ ಇನ್ನೂ ಕಷ್ಟ. ಗ್ಯಾಸಿಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ ಬೇಗ ಸವೆಯುತ್ತದೆ. ಕೊನೆಗೆ ಮಾಲ್ ತುಂಬಿಕೊಂಡೇ ಬಂದು, ಎಂಜಿನ್ ಕಾದಿರುವಾಗಲೇ "ಸಾಯಂಕಾಲಕ್ಕೆ ಗಾಡಿ ಬೇಕೇ ಬೇಕು ಕಣಣ್ಣ" ಎಂದರೆ, ಅಣ್ಣನಾದವನು "ಬಿಡು, ತೆಗೀತೀನಿ" ಎನ್ನದೆ ಇನ್ನೇನು ಮಾಡಿಯಾನು?

ಆದರೆ ಕಾದಿರುವಾಗ ಕೈ ಹಾಕುವುದೇ ಮೊದಲ ತಪ್ಪು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಅದಕ್ಕೇ ಪ್ಲಗ್ ಸಡಿಲವಾಗುತ್ತದೆ ಎಂಬ ವಾದ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಲೆಕ್ಕ ಸರಿಯೇ. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಕಚ್ಚಿಕೊಂಡ ಕಡೆ ಥ್ರೆಡ್ಡನ್ನೇ ಬಿಟ್ಟುಕೊಡುತ್ತದೆ ಎಂಬ ಇನ್ನರ್ಧವನ್ನು ಆ ವಾದ ಹೇಳುವುದಿಲ್ಲ, ಅಷ್ಟೆ.

ಅಮೆರಿಕದ ಫೋರ್ಡ್ ಕಂಪನಿಗೆ ಈ ಪಾಠ ದುಬಾರಿಯಾಗಿಯೇ ಸಿಕ್ಕಿತು. 2004ರಿಂದ ಕೆಲವು ವರ್ಷ ಅದರ ಎಫ್-150 ಪಿಕಪ್ ಟ್ರಕ್ಕಿನ 5.4 ಲೀಟರ್ ಎಂಜಿನ್ನಿಗೆ ಎರಡು ತುಂಡು ಬೆಸೆದ ಉದ್ದ ಮೂತಿಯ ಪ್ಲಗ್ ಹಾಕಿದ್ದರು. ಬಿಚ್ಚಲು ಹೋದರೆ ಮೂತಿ ಹೆಡ್ಡಿನಲ್ಲೇ ಉಳಿಯುತ್ತಿತ್ತು. ಕೊನೆಗೆ ಕಂಪನಿಯೇ ಮೆಕ್ಯಾನಿಕ್ಕರಿಗೆ ಕ್ರಮ ಬರೆದುಕೊಟ್ಟಿತು: ಎಂಜಿನ್ ಪೂರ್ತಿ ತಣ್ಣಗಾಗಲಿ, ಹೆಚ್ಚೆಂದರೆ ಕಾಲು ಸುತ್ತಷ್ಟೇ ಸಡಿಲಿಸಿ, ದ್ರಾವಕ ಬಿಡಿ, ಕಡಿಮೆಯೆಂದರೂ 15 ನಿಮಿಷ ಕಾಯಿರಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ತೆಗೆಯಿರಿ. ಅಲ್ಲಿ ದೋಷ ವಿನ್ಯಾಸದ್ದು, ನಮ್ಮಲ್ಲಿ ಬಹುಪಾಲು ಆತುರದ್ದು. ಮದ್ದು ಮಾತ್ರ ಎರಡಕ್ಕೂ ಅದೇ.

ಇನ್ನು ಮುರಿದ ಮೇಲಿನ ಕೆಲಸ. ಇಲ್ಲಿ ಪ್ಲಗ್ಗಿನ ನಡುವಿನ ಪಿಂಗಾಣಿ ನಿಜವಾದ ಶತ್ರು. ಉಳಿದ ಉಕ್ಕಿನ ಬಳೆಯನ್ನು ಉಳಿ ಇಟ್ಟು, ಸುತ್ತಿಗೆಯಲ್ಲಿ ಬಡಿದು ತಿರುಗಿಸುವವರಿದ್ದಾರೆ. ಬೇಲೂರು, ಹಳೇಬೀಡಿನ ಸೀಮೆಯಲ್ಲಿ ನಿಂತು ಉಳಿಯನ್ನು ಬೈಯುವುದು ಸರಿಯಲ್ಲ, ನಿಜ. ಆದರೆ ಹೊಯ್ಸಳರ ಶಿಲ್ಪಿ ಬಡಿದ ಚಕ್ಕೆ ಹೊರಗೆ ಹಾರುತ್ತಿತ್ತು, ಇಲ್ಲಿ ಒಳಗೆ ಬೀಳುತ್ತದೆ. ಸಿಲಿಂಡರಿಗೆ ಬಿದ್ದ ಪಿಂಗಾಣಿ ಚೂರು ಗೋಡೆಯನ್ನು ಗೀರುತ್ತದೆ. ಅಲ್ಲಿಗೆ ನೂರಾರು ರೂಪಾಯಿಯ ಕೆಲಸ ರೀಬೋರಿನ ಲೆಕ್ಕಕ್ಕೆ ಹೋಗಿ ನಿಲ್ಲುತ್ತದೆ.

ನಟ್ಟು ವೆಲ್ಡ್ ಮಾಡುವ ಉಪಾಯವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಬಳೆ ಕಾದು ಹಿಗ್ಗಿ, ಆರಿ ಕುಗ್ಗುವಾಗ ಹಿಡಿತ ಬಿಡುತ್ತದೆ. ಬಾಯಿ ಮೇಲೆಯೇ ಕಾಣುವ ಹಳೆಯ ಹೆಡ್ಡುಗಳಿಗೆ ಅದು ಸೊಗಸಾದ ಕೆಲಸ. ಪ್ಲಗ್ ಆಳದ ಬಾವಿಯಲ್ಲಿ ಕೂತಿರುವ ಇಂದಿನ ಎಂಜಿನ್ನಿನಲ್ಲಿ ವೆಲ್ಡಿಂಗ್ ಕಡ್ಡಿ ಅಲ್ಲಿಯವರೆಗೆ ನೆಟ್ಟಗೆ ಇಳಿಯುವುದೇ ಇಲ್ಲ. ಬ್ಯಾಟರಿ ಕಳಚದೆ ಕಿಡಿ ಹಚ್ಚಿದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ ಪೆಟ್ಟು ಬೀಳುವ ಭಯ ಬೇರೆ. ಎಡಕ್ಕೆ ತಿರುಗಿಸಿದಷ್ಟೂ ಕಚ್ಚುವ ಈಜಿ ಔಟ್ ಇಲ್ಲಿ ಮೇಲು. ಮೊದಲು ಪಿಂಗಾಣಿಯನ್ನು ವ್ಯಾಕ್ಯೂಮಿನಿಂದ ಎಳೆದುಕೊಂಡು, ಉಪಕರಣಕ್ಕೆ ಗ್ರೀಸ್ ಸವರಿ, ಆ ಸಿಲಿಂಡರಿನ ವಾಲ್ವುಗಳು ಮುಚ್ಚಿರುವ ಸ್ಥಿತಿಗೆ ಎಂಜಿನ್ ತಿರುಗಿಸಿಟ್ಟುಕೊಂಡರೆ ಮುಕ್ಕಾಲು ಅಪಾಯ ತಪ್ಪುತ್ತದೆ. ಅದಕ್ಕೂ ಬಾರದಿದ್ದರೆ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವುದು ಸೋಲೇನಲ್ಲ. ಥ್ರೆಡ್ ಹೋಗಿದ್ದರೆ ಅಲ್ಲಿ ಬುಷ್ ಹಾಕಿ ಹೊಸ ಟ್ಯಾಪ್ ಹೊಡೆಯುತ್ತಾರೆ.

ಹೊಸ ಪ್ಲಗ್ ಕೂರಿಸುವಾಗಲೂ ಡೀಸೆಲ್ ಕೈ ಸುಮ್ಮನಿರುವುದಿಲ್ಲ. ವಾಷರ್ ಇರುವ 14 ಮಿ.ಮೀ. ಪ್ಲಗ್ಗನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾದಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಸುತ್ತು ಕೊಟ್ಟರೆ ಮುಗಿಯಿತು. "ಇನ್ನೊಂಚೂರು" ಎಂದು ಕೊಡುವ ಆ ಕಾಲು ಸುತ್ತೇ ಮುಂದಿನ ಸಲದ ಮುರಿತಕ್ಕೆ ಮುಂಗಡ. ಟಾರ್ಕ್ ರೆಂಚ್ ಇಟ್ಟುಕೊಂಡವರಿಗೆ ಈ ಊಹೆಯ ಗೊಡವೆಯೇ ಇಲ್ಲ.

ಗ್ಯಾರೇಜಿನವರನ್ನೇ ಪೂರ್ತಿ ದೂರಲಾಗದು. ನಮ್ಮಲ್ಲಿ ಬಡಿದದ್ದಕ್ಕೆ, ವೆಲ್ಡ್ ಮಾಡಿದ್ದಕ್ಕೆ ಕೂಲಿ ಇದೆ, ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿದ್ದಕ್ಕೆ ಕೂಲಿ ಇಲ್ಲ. ಮಾಲೀಕ ಆ ದುಡ್ಡನ್ನೂ ಕೊಡಲಿ, ಬದಲಿಗೆ ಒಂದನ್ನು ಕೇಳಿ ಪಡೆಯಲಿ: ಮುರಿದ ಪ್ಲಗ್ಗಿನ ಚೂರುಗಳನ್ನೆಲ್ಲ ಹಳೇ ಪೇಪರಿನ ಮೇಲೆ ಜೋಡಿಸಿ ತೋರಿಸಬೇಕು. ಒಂದು ಚೂರು ಕಡಿಮೆ ಬಂದರೂ ಎಂಜಿನ್ ಸ್ಟಾರ್ಟ್ ಮಾಡಬಾರದು.