‘ಪಾಳು’ ಎಂಬ ಪದ ನೀತಿಯಾಗುವ ಬಗೆ: ಅಗಳಿ ಸೀಮೆಯಿಂದ ಒಂದು ವಿಮರ್ಶೆ

ರಾಷ್ಟ್ರೀಯ ಪರಿಸರ ಮೌಲ್ಯಮಾಪನಗಳು ನೀತಿಯ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂಬುದು ಇಂದಿನ ವಿಷಯ. ಒಳ್ಳೆಯ ವರದಿ ಬಂದರೆ ಒಳ್ಳೆಯ ನೀತಿ ಬರುತ್ತೆ ಅಂತ ನಂಬಿರುತ್ತೇವೆ. ನನ್ನ ವಾದ ಬೇರೆ. ಆಡಳಿತಕ್ಕೆ ಅನುಕೂಲವಾದ ಪದ ಕೊಡುವ ವರದಿ ಸಲೀಸಾಗಿ ನೀತಿಯೊಳಗೆ ಇಳಿಯುತ್ತೆ. ಜನರನ್ನು ಕೇಳಿ ಅನ್ನುವ ವರದಿ ಕಡತದಲ್ಲೇ ಉಳಿಯುತ್ತೆ.

ಎರಡನೆಯದಕ್ಕೆ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಪಶ್ಚಿಮ ಘಟ್ಟದ ವರದಿ ಕೊಟ್ಟಿತು. ವಲಯಗಳನ್ನು ಗ್ರಾಮಸಭೆಗಳ ಜೊತೆ ಚರ್ಚಿಸಿಯೇ ನಿರ್ಧರಿಸಬೇಕು ಅನ್ನುವುದು ಅದರ ತಿರುಳು. ವರದಿ ಜನರ ಕೈಗೆ ಬಂದದ್ದು 2012ರಲ್ಲಿ. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದನ್ನು ಬದಲಿಸಿತು. 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆ ಹೊರಬಿದ್ದವು. ಅಂತಿಮ ಅಧಿಸೂಚನೆ ಮಾತ್ರ ಬರಲಿಲ್ಲ.

ಈಗ ಮೊದಲನೆಯದು. ಕೇಂದ್ರದ ಭೂಸಂಪನ್ಮೂಲ ಇಲಾಖೆ ಮತ್ತು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸೇರಿ ಹೊರತಂದ ಪಾಳುಭೂಮಿ ಅಟ್ಲಾಸ್. 2019ರ ಆವೃತ್ತಿಯ ಪ್ರಕಾರ ದೇಶದ ನೆಲದಲ್ಲಿ 16.96%, ಅಂದರೆ 5.57 ಕೋಟಿ ಹೆಕ್ಟೇರ್ ಪಾಳು. ಇದರಲ್ಲಿ ಕೊರಕಲು, ಮರಳುದಿಬ್ಬ ಇವೆ, ಸರಿ. ಆದರೆ ಕುರುಚಲು ನೆಲವೂ ಸವೆದ ಮೇವಿನ ಜಾಗವೂ ಇದೇ ಪಟ್ಟಿಯಲ್ಲಿವೆ.

ಅಗಳಿ ಮೊದಲು ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ ಭಾಗದ್ದು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಳೆ ಕಡಿಮೆ, ಕಡಲೆಕಾಯಿಯ ಸೀಮೆ. ಇಂಥ ಕಡೆ ತಂಗಡಿ, ಜಾಲಿ ಬೆಳೆದ ಬೀಳು ಕುರಿ ಮೇಯಿಸುವವರಿಗೆ ಮೇವು, ಮನೆಗೆ ಸೌದೆ. ಉಪಗ್ರಹಕ್ಕೆ ಹೊದಿಕೆ ಕಾಣುತ್ತೆ, ಬಳಕೆ ಕಾಣಲ್ಲ. ಅಳತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹೆಸರು ಅಳತೆಯನ್ನು ಮೀರಿ ತೀರ್ಪು ಕೊಡುತ್ತಿದೆ ಅನ್ನುವುದೇ ನನ್ನ ತಕರಾರು.

ಆ ತೀರ್ಪು ಎಲ್ಲಿಗೆ ಹೋಗುತ್ತೆ ನೋಡಿ. 2014ರ ಸೋಲಾರ್ ಪಾರ್ಕ್ ಯೋಜನೆಯ ಮಾರ್ಗಸೂಚಿ, ಸರ್ಕಾರಿ ಪಾಳುಭೂಮಿಗೆ ಆದ್ಯತೆ ಕೊಡಿ ಅನ್ನುತ್ತೆ. ಪಕ್ಕದ ಪಾವಗಡದಲ್ಲಿ ದಾರಿ ಬೇರೆಯಾಗಿತ್ತು: ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಪಾರ್ಕ್ ಕಟ್ಟಿದರು. ಅಲ್ಲಿ ಪಹಣಿ ಇದ್ದವರಿಗೆ ಗುತ್ತಿಗೆ ಹಣವಾದರೂ ಬಂತು. ‘ಪಾಳು’ ಎಂದು ಬರೆದ ಸರ್ಕಾರಿ ನೆಲದಲ್ಲಿ ಕುರಿ ಮೇಯಿಸುವವನ ಕೈಲಿ ಯಾವ ಕಾಗದ ಇದೆ?

ಹಾಗಾಗಿ ಮುಂದಿನ ಮೌಲ್ಯಮಾಪನಕ್ಕೆ ಒಂದು ಕಾಲಂ ಸೇರಿಸಬೇಕು: ಈ ನೆಲವನ್ನು ಯಾರು, ಯಾವ ತಿಂಗಳು, ಯಾತಕ್ಕೆ ಬಳಸುತ್ತಾರೆ? ಉತ್ತರ ಗ್ರಾಮಸಭೆಯಲ್ಲಿ ದಾಖಲಾಗಬೇಕು. ಅಗಳಿಯಲ್ಲಿ ಅನೇಕರ ಮನೆಮಾತು ಕನ್ನಡ, ಕಚೇರಿಯ ಕಡತ ತೆಲುಗು, ಅಟ್ಲಾಸ್ ಇಂಗ್ಲಿಷ್. ಪ್ರಶ್ನೆ ಅವರ ಮಾತಿನಲ್ಲೇ ಹೋಗದಿದ್ದರೆ ಆ ಕಾಲಂ ಖಾಲಿ ಉಳಿಯುತ್ತೆ. ಖಾಲಿ ಕಾಲಂ ಅಂದರೆ ಮತ್ತೆ ಪಾಳು. ಚರ್ಚೆಗೆ ಇಷ್ಟನ್ನು ಮುಂದಿಡುತ್ತೇನೆ.