ಹವಾಮಾನ ತೆರೆಯುವ ಹಾದಿ

144 ಮೆಗಾಹರ್ಟ್ಸ್‌ನ ರೇಡಿಯೊ ಅಲೆಗಳು ಸಾಮಾನ್ಯವಾಗಿ ದಿಗಂತದಾಚೆಗೆ ಬಹುದೂರ ಹೋಗುವುದಿಲ್ಲ. ಕಿರುತರಂಗಗಳನ್ನು ಬಾಗಿಸಿ ಭೂಮಿಗೆ ಮರಳಿಸುವ ಅಯಾನುಗೋಳವನ್ನು ಇವು ಹೆಚ್ಚಾಗಿ ಭೇದಿಸಿಕೊಂಡು ಹೊರಟುಹೋಗುತ್ತವೆ. ಆದರೂ 1957ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಚೇಂಬರ್ಸ್ ಮತ್ತು ಹವಾಯಿಯ ರಾಲ್ಫ್ ಥಾಮಸ್ ಎಂಬ ರೇಡಿಯೊ ಹವ್ಯಾಸಿಗಳು ಇದೇ ಅಲೆಗಳಲ್ಲಿ ಸುಮಾರು 4,000 ಕಿಲೋಮೀಟರ್ ಕಡಲು ದಾಟಿ ಪರಸ್ಪರರ ಸಂಕೇತ ಹಿಡಿದರು.

ಆ ಹಾದಿ ತೆರೆದದ್ದು ಹವಾಮಾನ. ಬೇಸಿಗೆಯಲ್ಲಿ ಪೂರ್ವ ಪೆಸಿಫಿಕ್ ಮೇಲೆ ಅಧಿಕ ಒತ್ತಡದ ವಲಯ ನೆಲೆಯೂರುತ್ತದೆ. ಮೇಲಿನ ಗಾಳಿ ಕೆಳಗಿಳಿಯುತ್ತ ಬಿಸಿಯೇರಿ ಒಣಗುತ್ತದೆ. ಕಡಲಿಗೆ ತಾಗಿದ ಗಾಳಿ ತಂಪಾಗಿ, ತೇವ ತುಂಬಿಕೊಂಡಿರುತ್ತದೆ. ಇವೆರಡರ ಗಡಿಯಲ್ಲಿ ವಕ್ರೀಭವನ ಸೂಚ್ಯಂಕ ಥಟ್ಟನೆ ಇಳಿಯುವುದರಿಂದ ಅಲೆಗಳು ಕೆಳಕ್ಕೆ ಬಾಗುತ್ತವೆ. ಕಾಲುವೆಯ ನೀರಿನಂತೆ ಭೂಮಿಯ ಡೊಂಕನ್ನೇ ಅನುಸರಿಸಿ ಹರಿಯುತ್ತವೆ.

ನಾನು ಮನಸಾರೆ ಮೆಚ್ಚುವುದು ಇಲ್ಲಿನ ಕೇಳುವ ವಿದ್ಯೆಯನ್ನು. ಈ ಹವ್ಯಾಸಿಗಳಿಗೆ ಆಂಟೆನಾ ಎಷ್ಟು ಮುಖ್ಯವೋ ಹವಾಮಾನದ ನಕ್ಷೆಯೂ ಅಷ್ಟೇ ಮುಖ್ಯ. ಒತ್ತಡದ ರೇಖೆಗಳನ್ನು ಓದಬೇಕು, ಮೋಡದ ಪದರ ಗಮನಿಸಬೇಕು, ಹಾದಿ ತೆರೆಯದ ದಿನಗಳಲ್ಲೂ ಕಿವಿಗೊಡಬೇಕು. ತಾನಾಗಿ ಸಂಕೇತ ಕಳಿಸುತ್ತಿರುವ ದೂರದ ಬೀಕನ್ ನಿಲ್ದಾಣದ ಕ್ಷೀಣ ಮೋರ್ಸ್ ಸ್ವರ ಗದ್ದಲದೊಳಗಿಂದ ಮೇಲೆದ್ದಾಗ ಅದರಲ್ಲಿ ಎರಡು ಸುದ್ದಿಗಳಿರುತ್ತವೆ: ಒಂದು ಕಳಿಸಿದ ನಿಲ್ದಾಣದ್ದು, ಇನ್ನೊಂದು ನಡುವಿನ ವಾತಾವರಣದ್ದು. ಭೌತವಿಜ್ಞಾನವನ್ನು ಕಿವಿಯ ಮೂಲಕ ಕಲಿಸುವ ಹವ್ಯಾಸಗಳು ಹೆಚ್ಚಿಲ್ಲ. ಹೊಸ ತಲೆಮಾರಿನವರು ಇದನ್ನು ಕೈಗೆತ್ತಿಕೊಳ್ಳಲು ಅಷ್ಟೇ ಕಾರಣ ಸಾಕು.