ಸಿಕ್ಕಿದ್ದು ಯಾರ ಸೈಕಲ್ಲು?

ವಿಟ್ಟೋರಿಯೊ ಡಿ ಸಿಕಾ ನಿರ್ದೇಶನದ ‘ಬೈಸಿಕಲ್ ಥೀವ್ಸ್’ (1948) ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಎರಡು ಸಂಗತಿ ಹೇಳುತ್ತೇವೆ. ಒಂದು, ಅದರಲ್ಲಿನ ಅಪ್ಪ-ಮಗನ ಸಂಬಂಧ. ಇನ್ನೊಂದು, 1950ರಲ್ಲಿ ಲಂಡನ್ನಿನಲ್ಲಿ ಅದನ್ನು ನೋಡಿದ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ ಮಾಡುವ ಧೈರ್ಯ ತಂದುಕೊಂಡದ್ದು. ಎರಡೂ ನಿಜವೇ. ಆದರೆ ಈ ಎರಡರ ನಡುವೆ ಚಿತ್ರದ ಸೈಕಲ್ಲೇ ಮರೆತುಹೋಗುತ್ತದೆ. ಚಿತ್ರದ ಬಹುಪಾಲು ಒಂದು ಹುಡುಕಾಟ. ಕಳುವಾದ ಸೈಕಲ್ಲಿಗಾಗಿ ಯಾರ ಹತ್ತಿರ ಹೋಗಬೇಕು, ಎಲ್ಲಿ ಹುಡುಕಬೇಕು, ಕಣ್ಣೆದುರೇ ಕಂಡರೂ ಅದು ನನ್ನದು ಎಂದು ಹೇಗೆ ತೋರಿಸಬೇಕು ಎಂಬ ಲೌಕಿಕ ಪ್ರಶ್ನೆಗಳನ್ನು ಚಿತ್ರ ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಈ ಪ್ರಶ್ನೆಗಳನ್ನೇ ಹಿಡಿದು ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಅದು ಬಡತನದ ಬಗೆಗಿನ ಕರುಣೆಯ ಕತೆಗಿಂತ ಹೆಚ್ಚಿನದೇನನ್ನೋ ಹೇಳುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಕತೆ ಗೊತ್ತಿರುವುದೇ. ಎರಡನೇ ಮಹಾಯುದ್ಧ ಮುಗಿದ ಮೇಲಿನ ರೋಮ್. ಊರಂಚಿನ ವಾಲ್ ಮೆಲೈನಾ ಬಡಾವಣೆಯ ಆಂಟೋನಿಯೊ ರಿಚ್ಚಿಗೆ ಬಹಳ ದಿನ ಕಾದ ಮೇಲೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ ಕೆಲಸ. ಇವನ ಸೈಕಲ್ಲು ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಮರಿಯಾ ಮನೆಯ ಹಾಸಿಗೆಯ ಬಟ್ಟೆಗಳನ್ನೆಲ್ಲ ಒಗೆದು ಅಡವಿಟ್ಟು ಸೈಕಲ್ ಬಿಡಿಸಿಕೊಡುತ್ತಾಳೆ. ಆ ಸೈಕಲ್ಲಿನ ಹೆಸರು ‘ಫಿದೆಸ್’. ಲ್ಯಾಟಿನ್ನಿನಲ್ಲಿ ನಂಬಿಕೆ ಎಂದು ಅರ್ಥ. ಕೆಲಸದ ಮೊದಲ ದಿನವೇ, ಆಂಟೋನಿಯೊ ಏಣಿ ಹತ್ತಿ ರೀಟಾ ಹೇವರ್ತ್‌ಳ ಪೋಸ್ಟರ್ ಅಂಟಿಸುತ್ತಿರುವಾಗ ಸೈಕಲ್ ಹೋಗುತ್ತದೆ.

ಕಳ್ಳತನ ನಡೆಯುವ ರೀತಿಯನ್ನು ಗಮನಿಸಬೇಕು. ಒಬ್ಬ ಸೈಕಲ್ ಹತ್ತಿ ಓಡುತ್ತಾನೆ. ಇನ್ನೊಬ್ಬ ಸಹಾಯಕ್ಕೆ ಬಂದವನಂತೆ ನಟಿಸಿ ಆಂಟೋನಿಯೊನ ದಾರಿ ತಪ್ಪಿಸುತ್ತಾನೆ. ಎಂದರೆ ಕಳ್ಳನಿಗೆ ಆಗಲೇ ಒಂದು ಗುಂಪಿದೆ, ಕಳೆದುಕೊಂಡವನು ಒಂಟಿ. ಇಟಾಲಿಯನ್ ಶೀರ್ಷಿಕೆಯಲ್ಲಿ ಎರಡು ಬಹುವಚನಗಳಿವೆ: ಕಳ್ಳರು, ಸೈಕಲ್ಲುಗಳು. ಅಮೆರಿಕದಲ್ಲಿ ಬಿಡುಗಡೆಯಾದಾಗ ಅದು ‘ದಿ ಬೈಸಿಕಲ್ ಥೀಫ್’ ಎಂಬ ಏಕವಚನವಾಯಿತು. ಕೊನೆಗೆ ಆಂಟೋನಿಯೊ ಕೂಡ ಕಳ್ಳನಾಗುತ್ತಾನೆ, ಅದಕ್ಕೇ ಬಹುವಚನ ಸರಿ ಎಂದು ವಿಮರ್ಶಕರು ಹೇಳುವುದುಂಟು. ಆ ಬಹುವಚನ ಚಿತ್ರದ ಕೊನೆಯವರೆಗೆ ಕಾಯಬೇಕಿಲ್ಲ, ಕಳ್ಳತನದ ದೃಶ್ಯದಲ್ಲೇ ಇದೆ.

ಆಂಟೋನಿಯೊ ಮೊದಲು ಹೋಗುವುದು ಪೊಲೀಸರ ಬಳಿಗೆ. ಅಧಿಕಾರಿ ದೂರು ಬರೆದುಕೊಳ್ಳುತ್ತಾನೆ, ಆಮೇಲೆ ನೀನೇ ಹುಡುಕಿಕೋ ಎನ್ನುತ್ತಾನೆ. ಏನು ಸುದ್ದಿ ಎಂದು ಕೇಳಿದ ಪತ್ರಕರ್ತನಿಗೆ, ಏನಿಲ್ಲ, ಒಂದು ಸೈಕಲ್ ಅಷ್ಟೇ ಎಂಬರ್ಥದ ಉತ್ತರ ಸಿಗುತ್ತದೆ. ಎಪ್ಪತ್ತೈದು ವರ್ಷಕ್ಕೂ ಹಳೆಯ ಈ ದೃಶ್ಯ ನನಗೆ ಹಳೆಯದು ಅನ್ನಿಸುವುದಿಲ್ಲ. ಕಳೆದ ವರ್ಷ ಹಾಸ್ಟೆಲ್ಲಿನ ಜೂನಿಯರ್ ಒಬ್ಬನ ಸೈಕಲ್ ಹೋದಾಗ ಅವನ ಜೊತೆ ಠಾಣೆಗೆ ಹೋಗಿದ್ದೆ. “ಬಿಲ್ ಇದೆಯೇನಪ್ಪಾ?” ಎಂದು ಕೇಳಿದರು. “ಸೆಕೆಂಡ್ ಹ್ಯಾಂಡ್ ಸರ್” ಎಂದ. “ಎಷ್ಟಕ್ಕೆ ತಗೊಂಡಿದ್ದೆ?” “ಎರಡೂವರೆ ಸಾವಿರ.” ಅವರು ಗದರಲಿಲ್ಲ, ಸಮಾಧಾನವಾಗಿಯೇ ಹೇಳಿದರು: “ನಾಲ್ಕು ಕಡೆ ನೀವೇ ವಿಚಾರಿಸಿ ನೋಡಿ. ಕಂಡರೆ ಬಂದು ಹೇಳಿ.”

ಅದನ್ನು ಆ ಪೊಲೀಸರ ಸೋಮಾರಿತನ ಎಂದು ಬಿಟ್ಟುಬಿಡುವುದು ಸುಲಭ. ಆದರೆ ಕಾನೂನೇ ಹಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿಗೆ ಬೇರೆಯದೇ ಏರ್ಪಾಡಿದೆ. ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಇದು ಮನುಷ್ಯತ್ವದ ಮಾತು, ಸ್ವಾಗತಿಸಬೇಕಾದದ್ದೇ. ಆದರೆ ಇದರ ಜೊತೆಗೇ ಇಂಥ ಕಳವು ಅಸಂಜ್ಞೇಯ ಅಪರಾಧವೂ ಆಯಿತು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದರ ತನಿಖೆಗೆ ಇಳಿಯುವಂತಿಲ್ಲ. ಗಾರೆ ಕೆಲಸಕ್ಕೋ ಹಾಲು ಹಾಕುವುದಕ್ಕೋ ಹೋಗುವವರ ಹಳೆಯ ಸೈಕಲ್ಲಿಗೆ 5,000 ಬೆಲೆ ಕಟ್ಟುವವರು ಯಾರು? ಲಕ್ಷ ರೂಪಾಯಿಯ ಗೇರ್ ಸೈಕಲ್ ಹೋದರೆ ತನಿಖೆ, ಅನ್ನ ಕೊಡುವ ಸೈಕಲ್ ಹೋದರೆ ಸಲಹೆ. ವಸ್ತುವಿನ ಬೆಲೆಯನ್ನೂ ಅದು ಹೋದರೆ ಆಗುವ ನಷ್ಟವನ್ನೂ ಒಂದೇ ಎಂದು ಎಣಿಸುವ ಈ ಲೆಕ್ಕವನ್ನೇ ಡಿ ಸಿಕಾ ಮತ್ತು ಚಿತ್ರಕತೆಗಾರ ಚೆಸಾರೆ ಜವಾಟಿನಿ ಅಂದು ಪ್ರಶ್ನಿಸಿದ್ದರು. ಚಿತ್ರಕ್ಕೆ ಆಧಾರವಾದ ಲುಯಿಜಿ ಬಾರ್ತೊಲಿನಿಯ 1946ರ ಕಾದಂಬರಿಯಲ್ಲಿ ನಾಯಕನೊಬ್ಬ ಕಲಾವಿದ. ಒಂದು ಸೈಕಲ್ ಕಳುವಾದರೆ ಇನ್ನೊಂದನ್ನು ಹತ್ತಿ ಹುಡುಕಲು ಹೊರಡುತ್ತಾನೆ. ಚಿತ್ರ ಆ ಎರಡನೇ ಸೈಕಲ್ಲನ್ನು ಕಿತ್ತುಕೊಂಡಿತು. ಅಲ್ಲಿಂದಲೇ ಅದು ಬೇರೆ ಕತೆಯಾಯಿತು.

ಠಾಣೆಯಿಂದ ಬರಿಗೈಯಲ್ಲಿ ಬಂದ ಆಂಟೋನಿಯೊ ಗೆಳೆಯ ಬಯೊಕ್ಕೊನನ್ನು ಹುಡುಕಿಕೊಂಡು ಹೋಗುತ್ತಾನೆ. ಬಯೊಕ್ಕೊ ಕಸ ಎತ್ತುವ ಕೆಲಸದವನು. ಮರುದಿನ ಬೆಳಗಿನ ಜಾವ ಇವರೆಲ್ಲ ಪಿಯಾಜಾ ವಿಟ್ಟೋರಿಯೊ ಸಂತೆಗೆ ಹೋಗುವ ದೃಶ್ಯ ನನಗೆ ಚಿತ್ರದ ಅತ್ಯಂತ ತಿಳಿವಳಿಕೆಯ ಭಾಗ. ಬಯೊಕ್ಕೊನಿಗೆ ಕಳವಿನ ಮಾಲಿನ ಗತಿ ಗೊತ್ತು. ಕದ್ದ ಸೈಕಲ್ ಇಡಿಯಾಗಿ ಉಳಿಯುವುದಿಲ್ಲ, ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. ಹಾಗಾಗಿ ಹುಡುಕುವ ಕೆಲಸವನ್ನೂ ಅವನು ಬಿಡಿಬಿಡಿಯಾಗಿಯೇ ಹಂಚುತ್ತಾನೆ. ಒಬ್ಬ ಟೈರ್ ನೋಡಬೇಕು, ಇನ್ನೊಬ್ಬ ಫ್ರೇಮು, ಪುಟ್ಟ ಬ್ರೂನೊ ಬೆಲ್ಲು ಮತ್ತು ಪಂಪು. ನಮ್ಮ ಗುಜರಿ ಅಂಗಡಿಗಳ ಸಾಲಿನಲ್ಲಿ ಒಮ್ಮೆ ನಡೆದವರಿಗೂ ಇದು ಅರ್ಥವಾಗುತ್ತದೆ. ಸಾವಿರ ಬೆಲ್ಲುಗಳ ರಾಶಿಯಲ್ಲಿ ನನ್ನ ಬೆಲ್ಲು ಯಾವುದು? ಒಂದು ಅಂಗಡಿಯಲ್ಲಿ ಫ್ರೇಮೊಂದಕ್ಕೆ ಬಣ್ಣ ಬಳಿಯುತ್ತಿರುವುದು ಕಂಡು ಆಂಟೋನಿಯೊಗೆ ಅನುಮಾನ ಬರುತ್ತದೆ. ಅಂಗಡಿಯವನು ನಂಬರ್ ತೋರಿಸಲು ಒಪ್ಪುವುದಿಲ್ಲ. ಪೊಲೀಸನನ್ನು ಕರೆತಂದು ನೋಡಿದರೆ ನಂಬರ್ ಬೇರೆ. ಸೈಕಲ್ಲಿನ ಮೇಲಿನ ಹಕ್ಕು ಎಂಬುದು ಕೊನೆಗೆ ಕಬ್ಬಿಣದಲ್ಲಿ ಒತ್ತಿದ ನಾಲ್ಕಾರು ಅಂಕಿಗಳಲ್ಲಿ ಮಾತ್ರ ಇದೆ.

ನಮ್ಮಲ್ಲೂ ಹಿಂದೆ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಹಿರಿಯರು ಅದನ್ನು ಪೊಲೀಸರ ಕಾಟದ ನೆನಪಾಗಿ ಹೇಳಿಕೊಳ್ಳುತ್ತಾರೆ. ಆದರೂ ಈ ಸೈಕಲ್ ಇಂಥವರದು ಎನ್ನಲು ಅದೊಂದು ದಾಖಲೆಯಾಗಿತ್ತು. ಇಂದು ಮೋಟಾರು ವಾಹನಕ್ಕೆ ನೋಂದಣಿ ಇದೆ, ಸೈಕಲ್ಲಿಗೆ ಇಲ್ಲ. ಫ್ರೇಮ್ ನಂಬರ್ ಬರೆದಿಟ್ಟುಕೊಂಡವರೂ ಅಪರೂಪ.

ಅದೃಷ್ಟವೆಂಬಂತೆ ಆಂಟೋನಿಯೊಗೆ ಕಳ್ಳನೇ ಸಿಗುತ್ತಾನೆ. ಬೆನ್ನಟ್ಟಿ ಹೋದರೆ ಅದು ಕಳ್ಳನ ಸ್ವಂತ ಬೀದಿ, ವಿಯಾ ದಿ ಪಾನಿಕೊ. ಬೀದಿಗೆ ಬೀದಿಯೇ ಅವನ ಪರ ನಿಲ್ಲುತ್ತದೆ. ಹುಡುಗ ಫಿಟ್ಸ್ ಬಂದು ಬೀಳುತ್ತಾನೆ, ತಾಯಿ ಶಾಪ ಹಾಕುತ್ತಾಳೆ, ನೆರೆಯವರು ಸುತ್ತುವರಿಯುತ್ತಾರೆ. ಪೊಲೀಸನೊಬ್ಬ ಬಂದು ಆ ಬಡ ಮನೆಯನ್ನು ಶೋಧಿಸುತ್ತಾನೆ. ಸೈಕಲ್ ಇಲ್ಲ. ನಿನ್ನ ಕಡೆ ಸಾಕ್ಷಿಗಳಿದ್ದಾರೆಯೇ, ಹೊರಗಿರುವವರೆಲ್ಲ ಅವನ ಕಡೆಯ ಸಾಕ್ಷಿಗಳು ಎಂದು ತಿಳಿಹೇಳುತ್ತಾನೆ. ಇಲ್ಲಿ ಯಾರನ್ನು ದೂರುವುದು? ಆ ಬೀದಿಯ ಜನ ನಮ್ಮ ಕೇರಿಯ ಜನರಂತೆಯೇ ಇದ್ದಾರೆ. ಹೊರಗಿನವನೊಬ್ಬ ಬಂದು ನಮ್ಮ ಹುಡುಗನ ಕೊರಳಪಟ್ಟಿ ಹಿಡಿದರೆ ನಾವೂ ಹೀಗೇ ಮಾಡುತ್ತೇವೆ. ಸಮುದಾಯ ಎಂಬ ಪದವನ್ನು ಸಂಶೋಧನಾ ಪ್ರಬಂಧಗಳಲ್ಲಿ ನಾವು ಒಳ್ಳೆಯ ಅರ್ಥದಲ್ಲೇ ಬಳಸಿ ರೂಢಿ. ಗೆಳೆಯನಿಗಾಗಿ ನಸುಕಿನಲ್ಲೇ ಎದ್ದು ಬರುವ ಬಯೊಕ್ಕೊನ ಗುಂಪೂ ಸಮುದಾಯವೇ, ಕಳ್ಳನನ್ನು ಅಡಗಿಸಿಕೊಳ್ಳುವ ಈ ಬೀದಿಯೂ ಸಮುದಾಯವೇ ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ.

ಈಗ ಕೊನೆಯ ದೃಶ್ಯ. ಫುಟ್‌ಬಾಲ್ ಮೈದಾನದ ಹೊರಗೆ ಸಾಲುಸಾಲು ಸೈಕಲ್ಲುಗಳು. ಆಂಟೋನಿಯೊ ಬ್ರೂನೊನನ್ನು ಮನೆಗೆ ಕಳಿಸಿ, ಒಂಟಿಯಾಗಿ ನಿಲ್ಲಿಸಿದ್ದ ಸೈಕಲ್ಲೊಂದನ್ನು ಕದಿಯುತ್ತಾನೆ. ಮಾಲೀಕ ಕೂಗುತ್ತಾನೆ. ಎಲ್ಲಿಂದಲೋ ಜನ ಓಡಿಬಂದು ಅವನನ್ನು ಹಿಡಿಯುತ್ತಾರೆ, ಹೊಡೆಯುತ್ತಾರೆ. ಅಳುವ ಮಗನನ್ನು ಕಂಡು ಮಾಲೀಕ, ಹೋಗಲಿ ಬಿಡಿ ಎನ್ನುತ್ತಾನೆ. ಇಲ್ಲಿ ನಾವೆಲ್ಲ ನೋಡುವುದು ಅಪ್ಪನ ಅವಮಾನವನ್ನು, ಅವನ ಕೈ ಹಿಡಿದುಕೊಳ್ಳುವ ಮಗನನ್ನು. ಕಣ್ಣು ತುಂಬಿಬರುವುದರಿಂದಲೋ ಏನೋ ಒಂದು ಸರಳ ಸಂಗತಿ ತಪ್ಪಿಹೋಗುತ್ತದೆ. ಕಳುವಾದ ಸೈಕಲ್ ವಾಪಸ್ ಸಿಗುವುದು ಇಡೀ ಚಿತ್ರದಲ್ಲಿ ಒಮ್ಮೆ ಮಾತ್ರ, ಇಲ್ಲಿ. ಅದೂ ಕೆಲವೇ ನಿಮಿಷಗಳಲ್ಲಿ. ದೂರು, ನಂಬರ್, ಸಾಕ್ಷಿ ಯಾವುದೂ ಬೇಕಾಗಲಿಲ್ಲ. ಒಂದು ಕೂಗಿಗೆ ಓಡಿಬರುವ ಜನ ಇದ್ದರೆ ಸಾಕಾಯಿತು. ಮೊದಲ ದಿನ ಆಂಟೋನಿಯೊ ಕೂಗಿದ್ದೂ ಇಂಥದೇ ಬೀದಿಯಲ್ಲಿ, ಇಂಥದೇ ಕೂಗು. ಆಗ ನೆರವಿಗೆ ಬಂದವನು ಕಳ್ಳನ ಜೊತೆಗಾರ.

ಹೀಗೆ ನೋಡಿದಾಗ ಚಿತ್ರದ ಕೇಂದ್ರ ಪ್ರಶ್ನೆಯೇ ಬದಲಾಗುತ್ತದೆ. ಬಡವನೊಬ್ಬ ಕಳ್ಳನಾದದ್ದು ಹೇಗೆ ಎಂಬುದು ಒಂದು ಪ್ರಶ್ನೆ. ಒಂದೇ ಊರಿನ ಒಂದೇ ಬಗೆಯ ಜನ ಒಬ್ಬನ ಕೂಗಿಗೆ ಓಡಿಬಂದು, ಇನ್ನೊಬ್ಬನ ಕೂಗಿಗೆ ಸುಮ್ಮನಿರುವುದು ಹೇಗೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಡಿ ಸಿಕಾ ಉತ್ತರ ಕೊಡುವುದಿಲ್ಲ. ಅರ್ಧ ಶತಮಾನದ ನಂತರ ಬಂದ ಎರಡು ಕೃತಿಗಳು ಆ ಪ್ರಶ್ನೆಯನ್ನು ಮುಂದುವರಿಸಿವೆ.

ಒಂದು, ವಾಂಗ್ ಷಿಯಾವೊಶುವಾಯ್ ಅವರ ‘ಬೀಜಿಂಗ್ ಬೈಸಿಕಲ್’ (2001). ಹಳ್ಳಿಯಿಂದ ಬೀಜಿಂಗಿಗೆ ಬಂದ ಗ್ವೇ ಕೊರಿಯರ್ ಹುಡುಗ. ಕಂಪನಿ ಕೊಟ್ಟ ಸೈಕಲ್ಲಿನ ಬೆಲೆಯನ್ನು ದುಡಿದು ತೀರಿಸಿದರೆ ಅದು ಅವನದಾಗುತ್ತದೆ. ಇನ್ನೇನು ತೀರಿತು ಎನ್ನುವಾಗ ಕಳುವಾಗುತ್ತದೆ. ಲಕ್ಷಾಂತರ ಸೈಕಲ್ಲುಗಳ ಊರಿನಲ್ಲಿ ಹುಡುಕಿ, ತಾನೇ ಮಾಡಿಟ್ಟುಕೊಂಡಿದ್ದ ಗುರುತಿನಿಂದ ಅದನ್ನು ಪತ್ತೆಹಚ್ಚುತ್ತಾನೆ. ಈ ಗುರುತಿನ ವಿಷಯ ನಮ್ಮ ತಲೆಮಾರಿನ ಹಳ್ಳಿಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಕೊಟ್ಟ ಸೈಕಲ್ಲುಗಳಲ್ಲಿ ನನಗೂ ಒಂದು ಬಂದಿತ್ತು. ಶಾಲೆಯ ಮುಂದೆ ನಿಲ್ಲಿಸಿದರೆ ಎಲ್ಲವೂ ಒಂದೇ. ಒಬ್ಬಳು ಹ್ಯಾಂಡಲ್ಲಿಗೆ ರಿಬ್ಬನ್ ಕಟ್ಟುತ್ತಿದ್ದಳು, ಒಬ್ಬ ಮಡ್‌ಗಾರ್ಡಿನ ಮೇಲೆ ಮೊಳೆಯಿಂದ ಹೆಸರು ಕೆತ್ತುತ್ತಿದ್ದ. ಅದಲುಬದಲಾದರೆ ಸಂಜೆಯೊಳಗೆ ವಾಪಸ್ ಬರುತ್ತಿತ್ತು. ಯಾರ ರಿಬ್ಬನ್ ಯಾವ ಬಣ್ಣದ್ದು ಎಂಬುದು ಇಡೀ ತರಗತಿಗೆ ಗೊತ್ತಿತ್ತಲ್ಲ. ಬೀಜಿಂಗಿನಲ್ಲಿ ಗ್ವೇಯ ಗುರುತು ಗೊತ್ತಿರುವುದು ಗ್ವೇಗೆ ಮಾತ್ರ.

ಸೈಕಲ್ ಈಗ ಜ್ಯಾನ್ ಎಂಬ ಶಾಲಾ ಹುಡುಗನ ಹತ್ತಿರವಿದೆ. ಅವನು ಕದ್ದಿಲ್ಲ, ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿದ್ದಾನೆ. ಕೊಂಡ ದುಡ್ಡು ಮಾತ್ರ ಮನೆಯಿಂದ ಕದ್ದದ್ದು. ಗ್ವೇ ಹಿಡಿದ ಸೈಕಲ್ ಬಿಡದೆ ಕಿರುಚುತ್ತಾನೆ. ಮಾತು ಮುಗಿದವನ ಆ ಕಿರುಚಾಟವೇ ಅವನ ಏಕೈಕ ದಾಖಲೆ. ಕೊನೆಗೆ ಹುಡುಗರೇ ಪಂಚಾಯಿತಿ ಮಾಡಿ, ದಿನ ಬಿಟ್ಟು ದಿನ ಒಬ್ಬೊಬ್ಬರು ಓಡಿಸುವುದೆಂದು ತೀರ್ಮಾನಿಸುತ್ತಾರೆ. ಕಾನೂನಿನ ಪುಸ್ತಕದಲ್ಲಿ ಇಲ್ಲದ ತೀರ್ಪಿದು. ಅನ್ಯಾಯವೂ ಹೌದು, ಗ್ವೇ ತನ್ನದನ್ನೇ ಅರ್ಧ ಬಿಟ್ಟುಕೊಡಬೇಕಲ್ಲ. ಆದರೂ ಈ ವಿಷಯದ ಎಲ್ಲ ಕತೆಗಳಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ಮಾತಾಡುವುದು ಇಲ್ಲಿ ಮಾತ್ರ. ಚಿತ್ರದ ಕೊನೆಯಲ್ಲಿ ಜ್ಯಾನ್‌ನ ಜಗಳ ಗ್ವೇಯ ತಲೆಗೂ ಬರುತ್ತದೆ, ಇಬ್ಬರೂ ಏಟು ತಿನ್ನುತ್ತಾರೆ. ನಜ್ಜುಗುಜ್ಜಾದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗ್ವೇ ನಡೆಯುತ್ತಾನೆ. ಸೈಕಲ್ ಸಿಕ್ಕಿತು, ಏರಲು ಬರುವಂತಿಲ್ಲ.

ಇನ್ನೊಂದು, ತೈವಾನಿನ ವು ಮಿಂಗ್-ಯಿ ಅವರ 2015ರ ಕಾದಂಬರಿ. ಇಂಗ್ಲಿಷಿಗೆ ಡ್ಯಾರಿಲ್ ಸ್ಟರ್ಕ್ ‘ದಿ ಸ್ಟೋಲನ್ ಬೈಸಿಕಲ್’ ಎಂದು ಅನುವಾದಿಸಿದ್ದಾರೆ. ನಿರೂಪಕನ ಅಪ್ಪ ಸೈಕಲ್ಲಿನ ಸಮೇತ ಕಾಣೆಯಾಗಿದ್ದಾನೆ. ವರ್ಷಗಳ ಮೇಲೆ ಮಗ ಹಳೆಯ ಸೈಕಲ್ಲುಗಳ ಜಾಡು ಹಿಡಿದು ಹೊರಡುತ್ತಾನೆ. ಅದು ಕೈಯಿಂದ ಕೈಗೆ ದಾಟಿದೆ. ಪ್ರತಿ ಕೈಯಲ್ಲೂ ಒಂದೊಂದು ಕತೆ: ಜಪಾನೀ ಸೇನೆ ಮಲಯಾದ ಕಾಡಿನಲ್ಲಿ ಓಡಿಸಿದ ಸೈಕಲ್ಲುಗಳು, ಯುದ್ಧಕ್ಕೆ ಸಿಕ್ಕಿಬಿದ್ದ ಆನೆಗಳು, ಚಿಟ್ಟೆಯ ರೆಕ್ಕೆಯಿಂದ ಚಿತ್ರ ಮಾಡುತ್ತಿದ್ದ ಹೆಂಗಸರು. ಕಾದಂಬರಿ ಅಲ್ಲಲ್ಲಿ ಮಾಹಿತಿಯ ಭಾರಕ್ಕೆ ಕುಸಿಯುತ್ತದೆ, ಸೈಕಲ್ಲಿನ ವಿವರಗಳು ಕೆಲವೆಡೆ ಕ್ಯಾಟಲಾಗಿನಂತಿವೆ. ಆದರೆ ಅದರ ಒಂದು ನಿಲುವು ದೊಡ್ಡದು. ಕಳೆದುಹೋದದ್ದನ್ನು ಇಟ್ಟುಕೊಂಡವರ ಮುಂದೆ ನಿರೂಪಕ ಹಕ್ಕು ಸಾಧಿಸಲು ಹೋಗುವುದಿಲ್ಲ, ಕೂತು ಅವರ ಕತೆ ಕೇಳುತ್ತಾನೆ. ಹಾಗೆ ಕೇಳುವ ಪುರುಸೊತ್ತು ಅವನಿಗಿದೆ ಎಂಬುದನ್ನೂ ಮರೆಯಬಾರದು. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಲು ಅವನಿಗೆ ಆ ಸೈಕಲ್ ಬೇಕಿಲ್ಲ. ಆಂಟೋನಿಯೊಗೆ ಬೇಕಿತ್ತು.

ಮತ್ತೆ ರೋಮಿನ ಆ ಮಾಲೀಕನ ಬಗ್ಗೆ. ಅವನು ದೂರು ಕೊಡದೆ ಬಿಟ್ಟದ್ದನ್ನು ಮಾನವೀಯತೆಯ ಗೆಲುವೆಂದು ಹೊಗಳುವುದುಂಟು. ನಮ್ಮ ಹೊಸ ಕಾನೂನಿನ ಸಮುದಾಯ ಸೇವೆಯ ಕಲಮಿನ ಹಿಂದೆಯೂ ಅದೇ ಭಾವನೆಯಿದೆ: ವಸ್ತು ವಾಪಸ್ ಬಂದರೆ ತಪ್ಪಿತಸ್ಥನನ್ನು ಹಗುರವಾಗಿ ನೋಡೋಣ. ನಾನೂ ಒಪ್ಪುತ್ತೇನೆ, ಹಳೇ ಸೈಕಲ್ಲಿಗಾಗಿ ಯಾರೂ ಜೈಲಿಗೆ ಹೋಗಬೇಕಿಲ್ಲ. ಆದರೆ ವಸ್ತು ವಾಪಸ್ ಬರಬೇಕಾದರೆ ಅದನ್ನು ಯಾರಾದರೂ ಹುಡುಕಬೇಕು. ಹುಡುಕುವ ಹೊಣೆಯನ್ನು ಕಳೆದುಕೊಂಡವನಿಗೇ ಬಿಟ್ಟು, ಕ್ಷಮೆಯನ್ನು ಮಾತ್ರ ಕಾನೂನಿನಲ್ಲಿ ಬರೆದರೆ ಅದರ ಪ್ರಯೋಜನ ಎಷ್ಟು ಜನರಿಗೆ? ಆ ಮಾಲೀಕ ಕ್ಷಮಿಸಬಲ್ಲವನಾದದ್ದು ಸೈಕಲ್ ಅವನ ಕೈಯಲ್ಲಿದ್ದುದರಿಂದ. ಆಂಟೋನಿಯೊಗೆ ಯಾರನ್ನೂ ಕ್ಷಮಿಸುವ ಅವಕಾಶ ಸಿಗಲೇ ಇಲ್ಲ.